ತೋಟಾದ ಹಿಸ್ಸೆ

ರಾಣೆಬೆನ್ನೂರಿನ ಗಫೂರ್ ಸಾಹೇಬರು ರಿವಾಲ್ವರ್ ಹಿಡಿದದ್ದು ಶೌರ್ಯಕ್ಕಲ್ಲ, ಡಚ್ ಭಾಷೆ ಬರುತ್ತಿರಲಿಲ್ಲ ಎಂಬ ಕಾರಣಕ್ಕೆ. ರಾಟರ್‌ಡ್ಯಾಮ್ ಬಂದರಿನ ಒಂದು ಕಂಪನಿಯಲ್ಲಿ, ಯಾವ ಕಂಟೇನರು ಯಾವ ಹಡಗಿನ ಮೇಲೆ ಎಲ್ಲಿ ಕೂರಬೇಕು ಎಂದು ಕಂಪ್ಯೂಟರಿನಲ್ಲಿ ಜೋಡಿಸುವುದು ಅವರ ಕೆಲಸ. ಲಕ್ಷಗಟ್ಟಲೆ ಕಂಟೇನರುಗಳಿಗೆ ಜಾಗ ತೋರಿಸಿದ ಮನುಷ್ಯನಿಗೆ ಈ ದೇಶದಲ್ಲಿ ತಾನು ಎಲ್ಲಿ ಕೂರಬೇಕೆಂಬುದು ಮಾತ್ರ ಹತ್ತು ವರ್ಷವಾದರೂ ತಿಳಿದಿರಲಿಲ್ಲ. ನೌಕರರ ಬದುಕಿನ ಬಗ್ಗೆ ವರ್ಷಕ್ಕೊಮ್ಮೆ ಕಾಳಜಿ ತೋರಿಸಬೇಕೆಂಬ ನಿಯಮದಂತೆ ಕಾಳಜಿ ತೋರಿಸಿದ ಅವರ ಮ್ಯಾನೇಜರು, "ಯಾವುದಾದರೂ ಫೆರೇನಿಗಿಂಗ್ ಸೇರು" ಎಂದ. ಫೆರೇನಿಗಿಂಗ್ ಎಂದರೆ ಸಂಘ. ಇಲ್ಲಿ ಇಬ್ಬರು ಕೂಡಿದರೆ ಸಂಘ, ಮೂವರಾದರೆ ಅದಕ್ಕೊಬ್ಬ ಖಜಾಂಚಿ.

ಸಾಹೇಬರ ಮನೆ ಇದ್ದದ್ದು ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ. ಸುತ್ತಮುತ್ತ ಹುಡುಕಿದಾಗ ಸಿಕ್ಕಿದ್ದು ಒಂದು ಹಾಡುವವರ ಸಂಘ, ಒಂದು ಮೀನು ಹಿಡಿದು ಮತ್ತೆ ನೀರಿಗೇ ಬಿಡುವವರ ಸಂಘ, ಇನ್ನೊಂದು ಶೂಟಿಂಗ್ ಕ್ಲಬ್ಬು. ಹಾಡುವುದಕ್ಕೆ ಡಚ್ ಬೇಕು. ಹಿಡಿದ ಮೀನನ್ನು ಬಿಡುವುದಕ್ಕೆ ಎಂಥದೋ ಒಂದು ವೈರಾಗ್ಯ ಬೇಕು, ಅದು ಸಾಹೇಬರಲ್ಲಿ ಇರಲಿಲ್ಲ. ಶೂಟಿಂಗ್ ಕ್ಲಬ್ಬಿನಲ್ಲಾದರೆ ಎಲ್ಲರೂ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಗೋಡೆಗೆ ಮುಖ ಮಾಡಿ ನಿಂತಿರುತ್ತಾರೆ. ಯಾರಾದರೂ ಮಾತಾಡಿದರೂ ಕೇಳಿಸುವುದಿಲ್ಲ. ಸಮಾಜದಲ್ಲಿ ಬೆರೆಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ಯಾವುದಿದೆ?

ಹೆಂಡತಿ ನಫೀಸಾ ಬೆಂಗಳೂರಿನವರು. ಆ ಮನೆಯಲ್ಲಿ ಪ್ರೀತಿಗೆ ದಖನಿ ಉರ್ದು, ಕೊಂಕಿಗೆ ಕನ್ನಡ. ಅಂದು ಅವರು ಕನ್ನಡದಲ್ಲೇ ಕೇಳಿದರು:

"ಅಲ್ಲಾ, ಹೆಸರು ಗಫೂರ್, ಮುಖದ ತುಂಬ ಗಡ್ಡ. ಇಷ್ಟು ಸಾಲ್ದು ಅಂತ ಕೈಗೊಂದು ರಿವಾಲ್ವರ್ ಬೇರೆ ಬೇಕಾ ನಿಮಗೆ?"

ಆದರೆ ಪೊಲೀಸರು ಹೆಸರನ್ನೂ ಗಡ್ಡವನ್ನೂ ಗಮನಿಸಿದಂತೆ ಕಾಣಲಿಲ್ಲ. ಮನೆಗೆ ಬಂದರು, ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯನ್ನು ಅಲ್ಲಾಡಿಸಿ ನೋಡಿದರು, ಚಹಾ ಬೇಡವೆಂದರು, ಪರವಾನಗಿ ಕೊಟ್ಟರು. ಹಿತ್ತಲಿನ ಶೆಡ್ಡಿಗೆ ಹೊಸ ಮಾಡು ಹಾಕಿಸಲು ನಗರಸಭೆ ಇದಕ್ಕಿಂತ ಹೆಚ್ಚು ಕಾಲ ಯೋಚಿಸಿತ್ತು.

ಆ ಕ್ಲಬ್ಬಿನ ಕ್ಯಾಂಟೀನನ್ನು ನೋಡಿಕೊಳ್ಳುತ್ತಿದ್ದವರು ಅನ್ನೆಕೆ ಎಂಬ ಎಪ್ಪತ್ತು ದಾಟಿದ ಹೆಂಗಸು. ಕಾಫಿಯನ್ನು ತೆಳ್ಳಗೆ, ಅಭಿಪ್ರಾಯವನ್ನು ಗಟ್ಟಿಯಾಗಿ ಕೊಡುವವರು. ಅವರ ಗಂಡ ಯೂಪ್ ತೀರಿಹೋಗಿ ವರ್ಷಗಳಾಗಿದ್ದವು. ಗಂಡನ ರಿವಾಲ್ವರನ್ನು ಅವರು ತಮ್ಮ ಪರವಾನಗಿಗೆ ಏರಿಸಿಕೊಂಡು ಇಟ್ಟುಕೊಂಡಿದ್ದರು. ಒಮ್ಮೆ ಸಾಹೇಬರಿಗೆ ಅದನ್ನು ತೋರಿಸಿದ್ದರು. ಎಲೆ ಅಡಿಕೆ ಡಬ್ಬಿಯಂತೆ ಹೊಳೆಯುವ ನೀಲಿ ಉಕ್ಕು, ಅಕ್ರೋಟು ಮರದ ಹಿಡಿ. ಸಾಹೇಬರ ಜೀವ ಅದರ ಮೇಲೆ ನಿಂತಿತು.

ಒಂದೇ ಒಂದು ತೊಡಕು. ಅದಕ್ಕೆ ಬೇಕಾದ ತೋಟಾ ಪ್ರಪಂಚದ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಬಂದೂಕಿನವರು ಇಂಥ ತೋಟಾಕ್ಕೆ ವೈಲ್ಡ್‌ಕ್ಯಾಟ್ ಎನ್ನುತ್ತಾರೆ, ಕಾಡುಬೆಕ್ಕು. ಯಾವ ಕಾರ್ಖಾನೆಯೂ ಅದನ್ನು ಮಾಡುವುದಿಲ್ಲ. ಯಾರೋ ಒಬ್ಬನಿಗೆ, ಪೇಟೆಯಲ್ಲಿರುವ ನೂರಾರು ಬಗೆಯ ತೋಟಾಗಳಲ್ಲಿ ಒಂದೂ ಹಿಡಿಸುವುದಿಲ್ಲ. ಯಾವುದೋ ತೋಟಾದ ಖಾಲಿ ಹಿತ್ತಾಳೆ ಕೊಳವೆ ತಂದು, ಅದರ ಕತ್ತನ್ನು ಹಿಸುಕಿ ಸಣ್ಣದು ಮಾಡಿ, ತನ್ನಿಷ್ಟದ ಗುಂಡನ್ನು ಕೂರಿಸಿ, ತನ್ನ ಹೆಸರನ್ನೇ ಇಟ್ಟು ಧನ್ಯನಾಗುತ್ತಾನೆ. ಗುಂಡಿನ ಅಳತೆ ಏಳು ಮಿಲಿಮೀಟರಾದ್ದರಿಂದ ಯೂಪ್ ತಮ್ಮದಕ್ಕೆ 'ಏಳು ಯೂಪ್' ಎಂದು ಹೆಸರಿಟ್ಟಿದ್ದರು. ಅದನ್ನು ಹಾರಿಸಬಲ್ಲ ರಿವಾಲ್ವರು ಭೂಮಿಯ ಮೇಲೆ ಇದ್ದದ್ದು ಇದೊಂದೇ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಕೊರೋನಾ ಬಂತು, ಕ್ಲಬ್ಬು ಮುಚ್ಚಿತು. ಬಂದರಿನ ಕೆಲಸ ಮನೆಯ ಊಟದ ಮೇಜಿಗೆ ಬಂತು. ಊರಿಗೆ ಊರೇ ಹವ್ಯಾಸಗಳ ಬೆನ್ನು ಹತ್ತಿತು. ಸಾಹೇಬರ ಸಹೋದ್ಯೋಗಿಗಳು ಹುಳಿ ಬ್ರೆಡ್ಡು ಬೇಯಿಸಿ, ಅದರ ಫೋಟೋವನ್ನು ಮಗುವಿನ ಫೋಟೋದಂತೆ ಎಲ್ಲರಿಗೂ ಕಳಿಸಿದರು. ಹನ್ನೊಂದು ವರ್ಷದ ಮಗಳು ಅಫ್ಶಾನ್ ಕೂಡ ಉಕುಲೇಲೆ ಎಂಬ ಪುಟ್ಟ ಗಿಟಾರು ಕಲಿಯತೊಡಗಿದಳು. ಹೀಗೆ ಮನೆಯಲ್ಲಿ ನೆಮ್ಮದಿ ಎಂಬುದು ಪೂರ್ತಿ ಮುಗಿದ ಮೇಲೆ ಸಾಹೇಬರಿಗೆ ಆ ರಿವಾಲ್ವರು ನೆನಪಾಯಿತು. ಅನ್ನೆಕೆಗೆ ಫೋನು ಮಾಡಿ, ಮಾರುತ್ತೀರಾ ಎಂದು ಕೇಳಿದರು.

"ಕೆಲಸ ಮಾಡದ ವಸ್ತುವನ್ನು ನಾನು ಮಾರುವುದಿಲ್ಲ," ಎಂದರು ಅನ್ನೆಕೆ. "ಮೊದಲು ಅದಕ್ಕೆ ತೋಟಾ ಮಾಡು. ಹಾರಿಸಿ ತೋರಿಸು. ಆಮೇಲೆ ವ್ಯಾಪಾರ."

"ಹೇಗೆ ಮಾಡೋದು?"

"ಕೊಳವೆಯ ಕತ್ತು ಹಿಸುಕುವ ಉಕ್ಕಿನ ಅಚ್ಚು, ಡೈ ಅಂತಾರೆ, ಒಂದು ಸೆಟ್ಟು ಇದೆ. ಅದು ಆರಿಯ ಹತ್ತಿರ ಇದೆ."

"ಆರಿ ಅಂದರೆ?"

"ಯೂಪ್‌ನ ತಮ್ಮ. ನಾವು ಮಾತಾಡುವುದಿಲ್ಲ."

ಆಮೇಲೆ ಕಥೆ ಹೊರಬಿತ್ತು. ತೋಟಾದ ಕನಸು ಕಂಡವರು ಯೂಪ್. ತಮ್ಮ ಶೆಡ್ಡಿನ ಲೇಥಿನ ಮುಂದೆ ಎರಡು ಚಳಿಗಾಲ ನಿಂತು ಆ ಡೈಗಳನ್ನು ಕಡೆದವರು ಆರಿ. ಕೆಲಸ ಮುಗಿದ ಮೇಲೆ ಯೂಪ್ ತಮ್ಮ ಹೆಸರೊಂದನ್ನೇ ಇಟ್ಟುಕೊಂಡರು. ಅಣ್ಣ ಬದುಕಿರುವವರೆಗೆ ಆರಿ ತುಟಿ ಬಿಚ್ಚಲಿಲ್ಲ. ಅಣ್ಣನನ್ನು ಮಣ್ಣು ಮಾಡಿದ ದಿನ, ಎಲ್ಲರೂ ಕಾಫಿ ಕುಡಿದು ಕೇಕು ತಿನ್ನುತ್ತಿದ್ದಾಗ, ಎದ್ದು ಹೋಗಿ ಅಣ್ಣನ ಕಪಾಟಿನಿಂದ ಡೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟರು. ರಿವಾಲ್ವರು ಅತ್ತಿಗೆಯ ಬಳಿ, ಡೈ ಮೈದುನನ ಬಳಿ. ಇದಿಲ್ಲದೆ ಅದಿಲ್ಲ, ಅದಿಲ್ಲದೆ ಇದಿಲ್ಲ. ಒಂದೇ ಊರಿನಲ್ಲಿ, ಸೈಕಲ್ಲಿನಲ್ಲಿ ಐದು ನಿಮಿಷದ ದೂರದಲ್ಲಿದ್ದುಕೊಂಡು ಒಂಬತ್ತು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರೂ ನೋಡದವರಂತೆ ಬದುಕಿದ್ದರು. ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೇಳಿಬಿಡುತ್ತೇವೆ ಎಂದು ಲೋಕಕ್ಕೆಲ್ಲ ಸಾರುವ ಜನ ಇವರು.

ಫೋನಿಟ್ಟ ಸಾಹೇಬರ ಮುಖ ಅರಳಿತ್ತು. ಹಾಲೆಂಡಿಗೆ ಬಂದಮೇಲೆ ಮೊದಲ ಬಾರಿಗೆ ಅವರಿಗೆ ಪೂರ್ತಿಯಾಗಿ ಅರ್ಥವಾದ ಸಂಗತಿ ಇದು. ಇದು ಹಿಸ್ಸೆ! ನಮ್ಮ ಕಡೆ ತೋಟಕ್ಕೆ ಜಗಳ, ಇವರದು ತೋಟಾಕ್ಕೆ. ಒಂದು ದೀರ್ಘದ ವ್ಯತ್ಯಾಸ.

"ಈ ಪಂಚಾಯ್ತಿ ನಾ ಬಗೆಹರಸ್ತೀನಿ," ಎಂದು ಅಡುಗೆಮನೆಗೆ ಬಂದು ಘೋಷಿಸಿದರು.

ನಫೀಸಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಮೊದಲು ನಿಮ್ಮ ಭೈಯ್ಯಾಗೆ ಒಂದು ಫೋನ್ ಮಾಡ್ರಿ. ಆ ಗೋಡೌನ್ ಪಂಚಾಯ್ತಿ ಬಗೆಹರಿಸಿ."

ರಾಣೆಬೆನ್ನೂರಿನಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿ ಹಿಸ್ಸೆಯಾದಾಗ ಅಣ್ಣನಿಗೆ ಅಂಗಡಿ, ಸಾಹೇಬರಿಗೆ ಹಿಂದಿನ ಗೋಡೌನು ಬಂದಿತ್ತು. ಗೋಡೌನಿಗೆ ಇರುವ ಒಂದೇ ಬಾಗಿಲು ಅಂಗಡಿಯ ಒಳಗಿನಿಂದ.

"ಅದು ಬ್ಯಾರೆ ವಿಷಯ ಐತಿ," ಎಂದರು ಸಾಹೇಬರು. "ನಿನಗ ತಿಳಿಯಾಂಗಿಲ್ಲ ಬಿಡು."

ಮರುದಿನ ಅವರು ಮಾಸ್ಕು ಹಾಕಿಕೊಂಡು, ನಫೀಸಾ ಗೊಣಗುತ್ತಲೇ ಕರಿದುಕೊಟ್ಟ ಸಮೋಸಾ ಹಿಡಿದು ಆರಿಯ ಮನೆಯ ಬೇಲಿಯ ಹತ್ತಿರ ನಿಂತರು. ಆರಿ ಗಿಡ ಕತ್ತರಿಸುತ್ತಿದ್ದರು. ಒಂದೂವರೆ ಮೀಟರಿನ ಅಂತರ ಕಾಪಾಡಲು ಅವರಿಗೆ ಸರ್ಕಾರ ಹೇಳಬೇಕಾಗಿರಲಿಲ್ಲ. ಒಂಬತ್ತು ವರ್ಷದಿಂದ ಲೋಕದ ಜೊತೆ ಇಟ್ಟುಕೊಂಡಿದ್ದ ಅಂತರಕ್ಕೆ ಹೋಲಿಸಿದರೆ ಇದು ಅಪ್ಪುಗೆಯಂತಿತ್ತು. ಸಮೋಸಾವನ್ನು ಬೇಲಿಯ ಕಂಬದ ಮೇಲಿಡಲು ಹೇಳಿ, ಸಾಹೇಬರು ಹಿಂದೆ ಸರಿದ ಮೇಲೆ ಬಂದು ತೆಗೆದುಕೊಂಡರು. ಮೂರು ತಿಂದಮೇಲೆ ಮಾತಾಡಿದರು.

"ಡೈ ನನ್ನ ಶೆಡ್ಡು ಬಿಟ್ಟು ಹೋಗುವುದಿಲ್ಲ. ಬೇಕಿದ್ದರೆ ನೀನು ಇಲ್ಲಿ ಬಂದು ಮಾಡಿಕೋ. ಆದರೆ ಆ ತೋಟಾದ ಹೆಸರು ಏಳು ಆರಿ. ಅವಳು ಇದನ್ನು ಒಪ್ಪಬೇಕು."

ಸಾಹೇಬರು ಅಲ್ಲಿಂದಲೇ ಅನ್ನೆಕೆಯ ಮನೆಗೆ ಸೈಕಲ್ಲು ತುಳಿದರು. ಅನ್ನೆಕೆ ಕಿಟಕಿ ತೆರೆದು ಕೇಳಿಸಿಕೊಂಡರು. "ಸತ್ತವನ ಹೆಸರು ಕೀಳಲು ನಾನು ಬಿಡುವುದಿಲ್ಲ. ಏಳು ಯೂಪ್. ಅವನು ಒಪ್ಪಿದರೆ ಸರಿ, ಇಲ್ಲದಿದ್ದರೆ ಇಲ್ಲ," ಎಂದು ಕಿಟಕಿ ಹಾಕಿಕೊಂಡರು.

ಇಂಥ ಸಂದರ್ಭದಲ್ಲಿ ರಾಣೆಬೆನ್ನೂರಿನ ಹಿರಿಯರು ಏನು ಮಾಡುತ್ತಾರೋ ಸಾಹೇಬರು ಅದನ್ನೇ ಮಾಡಿದರು. ಆರಿಗೆ ಫೋನು ಮಾಡಿ, ಅತ್ತಿಗೆ ಒಪ್ಪಿದ್ದಾರೆ, ಮನಸ್ಸಿನಲ್ಲಿ ಬಹಳ ನೊಂದಿದ್ದಾರೆ ಎಂದರು. ಅನ್ನೆಕೆಗೆ ಫೋನು ಮಾಡಿ, ಮೈದುನ ಒಪ್ಪಿದ್ದಾರೆ, ನಿಮ್ಮ ಆರೋಗ್ಯ ವಿಚಾರಿಸಿದರು ಎಂದರು. ಇದನ್ನು ಸುಳ್ಳು ಎನ್ನುವುದಿಲ್ಲ. ಸಂಬಂಧವೆಂಬ ಬಾಗಿಲಿನ ತಿರುಗಣಿಗೆ ಬಿಡುವ ಎಣ್ಣೆ ಎನ್ನುತ್ತಾರೆ. ಆದರೆ ಎಣ್ಣೆ ಡಚ್ಚರಿಗೆ ಒಗ್ಗುವುದಿಲ್ಲ ಎಂಬುದು ಅವರ ಅಡುಗೆ ನೋಡಿಯಾದರೂ ಸಾಹೇಬರಿಗೆ ಹೊಳೆಯಬೇಕಿತ್ತು.

ಹೀಗೆ ಮೇ ತಿಂಗಳ ಶನಿವಾರಗಳು ಆರಿಯ ಶೆಡ್ಡಿನಲ್ಲಿ ಕಳೆದವು. ಶೆಡ್ಡಿನ ಎರಡೂ ಬಾಗಿಲು ತೆರೆದು, ಒಬ್ಬರು ಆ ತುದಿ, ಒಬ್ಬರು ಈ ತುದಿ. ಸಾಹೇಬರು ಕೊಳವೆಗಳನ್ನು ತೊಳೆದರು, ಒರೆಸಿದರು, ಒಂದೊಂದನ್ನೇ ಡೈ ಕೂರಿಸಿದ ಕೈಪ್ರೆಸ್ಸಿಗೆ ಕೊಟ್ಟು ಹಿಡಿ ಎಳೆದರು. ಮೊದಮೊದಲು ಕೊಳವೆಯ ಕತ್ತು ಮುದುಡಿ, ಕಾಲಲ್ಲಿ ತುಳಿದ ಪೀಪಿಯಂತಾಗುತ್ತಿತ್ತು. "ಎಳೆಯಬೇಡ, ಒಪ್ಪಿಸು," ಎಂದು ಆರಿ ಆ ತುದಿಯಿಂದ ಹೇಳುತ್ತಿದ್ದರು. ಮದ್ದು ತೂಗುವಾಗ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ, ಫೋನು ಒಳಗೆ ತರುವಂತಿಲ್ಲ. ತಕ್ಕಡಿಯ ಮುಳ್ಳು ನಿಂತ ಮೇಲೆ ಆರಿ ಸ್ವತಃ ಬಂದು ನೋಡುತ್ತಿದ್ದರು, ಸಾಹೇಬರು ಆಗ ಹೊರಗೆ ಹೋಗಿ ನಿಲ್ಲಬೇಕು. ಇಷ್ಟೆಲ್ಲ ಎಚ್ಚರಿಕೆಯ ನಡುವೆ ಆ ಶೆಡ್ಡಿನಲ್ಲಿ ನಿಜಕ್ಕೂ ಅಪಾಯಕಾರಿಯಾಗಿದ್ದದ್ದು ಆರಿ ಕಾಸುತ್ತಿದ್ದ ಕಾಫಿ.

ಒಂದು ಮಧ್ಯಾಹ್ನ ಸಾಹೇಬರು ಡೈಗಳನ್ನು ಕೈಯಲ್ಲಿ ಹಿಡಿದು ನೋಡಿದರು. ಒಂಬತ್ತು ವರ್ಷ ಬಳಸದ ಉಕ್ಕಿನ ಮೇಲೆ ತುಕ್ಕಿನ ಒಂದು ಚುಕ್ಕೆಯಿಲ್ಲ.

"ಎಣ್ಣೆ ಹಚ್ಚುತ್ತಿದ್ದಿರಾ?"

"ಪ್ರತಿ ಭಾನುವಾರ," ಎಂದರು ಆರಿ. ಕಿಟಕಿಯ ಕಡೆ ತಿರುಗಿಕೊಂಡು, "ಯೂಪ್ ಇದ್ದಾಗ ಭಾನುವಾರ ಬರುತ್ತಿದ್ದ. ಅಲ್ಲಿ ಕೂತು ಬರೀ ಮಾತು. ಒಂದು ತಿರುಪು ಕೂಡ ಬಿಗಿಯಲು ಬರುತ್ತಿರಲಿಲ್ಲ ಅವನಿಗೆ." ಸ್ವಲ್ಪ ಹೊತ್ತಿನ ಮೇಲೆ, "ಅವಳಿಗೆ ಈಗಲೂ ಮೊಣಕಾಲು ನೋವಿದೆಯಾ?" ಎಂದು ಕೇಳಿದರು.

ಇದೊಂದನ್ನು ಮಾತ್ರ ಸಾಹೇಬರು ಏನೂ ಸೇರಿಸದೆ ಅನ್ನೆಕೆಗೆ ಹೇಳಿದರು. ಅನ್ನೆಕೆ, "ಎಡಗಾಲು ಅಂತ ಹೇಳು," ಎಂದಷ್ಟೇ ಅಂದರು.

ಜುಲೈನಲ್ಲಿ ಕ್ಲಬ್ಬು ತೆರೆಯಿತು. ರಿವಾಲ್ವರಿನ ಪರವಾನಗಿ ಅನ್ನೆಕೆಯದು. ಆ ಜಾತಿಯ ತೋಟಾ ಇಟ್ಟುಕೊಳ್ಳುವ ಹಕ್ಕು ಹಳೆಯ ಪರವಾನಗಿಯಿದ್ದ ಆರಿಯದು. ಕಾನೂನಿನ ಪ್ರಕಾರ ಅವರವರ ವಸ್ತುವನ್ನು ಅವರವರೇ ತರಬೇಕು. ಹಾಗಾಗಿ ಇಬ್ಬರೂ ಒಂದೇ ಕೋಣೆಗೆ ಬರುವುದು ಅನಿವಾರ್ಯವಾಯಿತು. ಇನ್ನು ಹೆಸರಿನ ಪ್ರಶ್ನೆ. ಅದಕ್ಕೂ ಸಾಹೇಬರು ದಾರಿ ಹುಡುಕಿದ್ದರು. ತೋಟಾ ತುಂಬಿದ ಡಬ್ಬಿಯ ಒಂದು ಬದಿಗೆ 'ಏಳು ಯೂಪ್', ಇನ್ನೊಂದು ಬದಿಗೆ 'ಏಳು ಆರಿ' ಎಂದು ಅಂದವಾಗಿ ಮುದ್ರಿಸಿದ ಚೀಟಿ ಅಂಟಿಸಿದ್ದರು. ಡಬ್ಬಿಯನ್ನು ಮೇಜಿನ ನಡುವೆ ಇಟ್ಟರೆ ಅವರವರಿಗೆ ಅವರವರ ಹೆಸರು. ಆರಿಗೆ ಡಬ್ಬಿ ಒಪ್ಪಿಸುವಾಗ, ಚೀಟಿ ಒಣಗಿಲ್ಲ, ಈ ಕಡೆಯಿಂದಲೇ ಹಿಡಿಯಿರಿ ಎಂದಿದ್ದರು. ಕಂಟೇನರು ಜೋಡಿಸುವವರ ಬುದ್ಧಿ ಎಂದರೆ ಸುಮ್ಮನೆಯೇ?

ಆರಿ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಅನ್ನೆಕೆ, ಕೊರೋನಾಕ್ಕೆಂದು ಇಳಿಬಿಟ್ಟಿದ್ದ ಪಾರದರ್ಶಕ ಪ್ಲಾಸ್ಟಿಕ್ ಪರದೆಯ ಆಚೆ ಬದಿಗೆ ರಿವಾಲ್ವರಿನ ಪೆಟ್ಟಿಗೆ ಇಟ್ಟು ನಿಂತರು. ಇಬ್ಬರೂ ಡಬ್ಬಿ ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ಸಾಹೇಬರು ಮನಸ್ಸಿನಲ್ಲೇ ಅಲ್ಲಾಹನಿಗೆ ಶುಕ್ರಿಯಾ ಹೇಳಿದರು. ಅಷ್ಟರಲ್ಲಿ ಕ್ಲಬ್ಬಿನ ಮೇಲ್ವಿಚಾರಕ ಬಂದು, ಕೊರೋನಾ ನಿಯಮದಂತೆ, ಡಬ್ಬಿಯನ್ನು ಎತ್ತಿ ಅದರ ಕೆಳಗೆ ಮೇಜು ಒರೆಸಿ, ತಿರುಗುಮುರುಗಾಗಿ ಇಟ್ಟು ಹೋದ.

ಇಬ್ಬರೂ ಬಗ್ಗಿ ಓದಿದರು. ಆರಿ ಡಬ್ಬಿಯನ್ನು ಒಂದು ಸುತ್ತು ತಿರುಗಿಸಿದರು. ಅನ್ನೆಕೆ ಇನ್ನೊಂದು ಸುತ್ತು ತಿರುಗಿಸಿದರು. ಆಮೇಲೆ, ಒಂಬತ್ತು ವರ್ಷಗಳಲ್ಲಿ ಮೊದಲ ಸಲ, ಅತ್ತಿಗೆ ಮೈದುನನ ಮುಖ ನೋಡಿ ಮಾತಾಡಿದರು:

"ನಾನು ಒಪ್ಪಿದ್ದೇನೆ ಅಂತ ಇವನು ನಿನಗೆ ಹೇಳಿದನಾ?"

"ಹೇಳಿದ. ನೀನು ನೊಂದಿದ್ದೀಯ ಅಂತಲೂ ಹೇಳಿದ."

"ನಾನಾ? ನೀನು ನನ್ನ ಆರೋಗ್ಯ ಕೇಳಿದೆ ಅಂತ ಹೇಳಿದ!"

"ನಾನು ಕೇಳಿದ್ದು ಮೊಣಕಾಲು ಮಾತ್ರ. ಅದೂ ಆಮೇಲೆ."

ಇಬ್ಬರೂ ಸಾಹೇಬರ ಕಡೆ ತಿರುಗಿದರು. ಮುಂದಿನ ಕಾಲು ಗಂಟೆ ಆ ಇಬ್ಬರು ಮುದುಕರು, ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಮಾಡುತ್ತ, ಪ್ರಾಮಾಣಿಕತೆ ಎಂದರೇನು ಎಂದು ಅವರಿಗೆ ಬೋಧಿಸಿದರು. ಕೆಟ್ಟ ಸತ್ಯವಾದರೂ ಒಳ್ಳೆಯದು, ಒಳ್ಳೆಯ ಸುಳ್ಳು ಕೆಟ್ಟದ್ದು. ನಮ್ಮಲ್ಲಿ ಹೀಗೆ ನಡೆಯುವುದಿಲ್ಲ. ಮುಖಕ್ಕೆ ಹೇಳಬೇಕು, ನಾವು ಯಾವಾಗಲೂ ಹಾಗೆಯೇ. ಸಾಹೇಬರು ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತರು. ಬೈಗುಳ ಅರ್ಧಕ್ಕೆ ಬಂದಾಗ ಅವರಿಗೆ ಗೊತ್ತಾಯಿತು, ಇಬ್ಬರ ನಡುವಿನ ಪರದೆ ಪಕ್ಕಕ್ಕೆ ಸರಿದಿದೆ. ತನ್ನನ್ನು ಬೈಯಲು ಅನುಕೂಲವಾಗಲಿ ಎಂದು ಇಬ್ಬರೂ ಒಂದೇ ಬದಿಗೆ ಬಂದು ನಿಂತಿದ್ದಾರೆ.

"ಯೂಪ್ ಕೂಡ ಹೀಗೇ," ಎಂದರು ಆರಿ ಕೊನೆಗೆ. "ಈ ಹೆಸರು ಸದ್ಯಕ್ಕೆ ಮಾತ್ರ, ಆಮೇಲೆ ನಿನ್ನದೂ ಸೇರಿಸೋಣ ಅಂತಿದ್ದ."

"ನನಗೆ ಹೇಳಿದ್ದು, ಆರಿಗೆ ಹೆಸರು ಗಿಸರು ಬೇಡವಂತೆ ಅಂತ," ಎಂದರು ಅನ್ನೆಕೆ. ಬಾಯಿ ಮುಚ್ಚಿಕೊಂಡರು. ಮಾಸ್ಕಿನ ಮೇಲಿನ ಕಣ್ಣುಗಳು ಒದ್ದೆಯಾಗಿದ್ದವು.

ಆಮೇಲೆ ಬಂದ ಕೆಲಸ ನಡೆಯಲೇಬೇಕಲ್ಲ. ಸಾಹೇಬರು ಕಿವಿಗೆ ಮುಚ್ಚಳ ಹಾಕಿ, ಆರು ತೋಟಾ ತುಂಬಿ, ಗುರಿಯಿಟ್ಟು ಒತ್ತಿದರು. ದೀಪಾವಳಿಯ ಲಕ್ಷ್ಮೀ ಪಟಾಕಿಯನ್ನು ಹಂಡೆಯೊಳಗೆ ಹಚ್ಚಿದಂಥ ಸದ್ದು. ಮುಂಗೈಯಿಂದ ಭುಜದವರೆಗೆ ನಡುಕ ಓಡಿತು. ಆರೂ ಹಾರಿಸಿ, ಗುಂಡಿ ಒತ್ತಿ, ಗುರಿಯ ಕಾಗದವನ್ನು ಹತ್ತಿರ ತರಿಸಿ ನೋಡಿದರು. ನಾಲ್ಕು ತೂತು ಕಾಗದದ ನಾಲ್ಕು ಮೂಲೆ ಹಂಚಿಕೊಂಡಿದ್ದವು. ಐದನೆಯದು ಪಕ್ಕದ ಲೇನಿನ ಕಾಗದದ ಮೇಲಿತ್ತು. ಆರನೆಯದನ್ನು ಯಾರೂ ಹುಡುಕಲಿಲ್ಲ.

ಸಾಹೇಬರಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. "ನಾನು ಮದ್ದು ತೂಗಿದ್ದು ತಪ್ಪಾಯಿತೇನೋ."

"ಇಲ್ಲ ಇಲ್ಲ," ಎಂದರು ಆರಿ, ಬಹಳ ಸಂತೋಷದಿಂದ. "ಇದು ಯಾವಾಗಲೂ ಹೀಗೆಯೇ ಹಾರುತ್ತಿತ್ತು."

"ಒಂದು ದಿನವೂ ನೆಟ್ಟಗೆ ಹಾರಿದ್ದಿಲ್ಲ," ಎಂದು ಅನ್ನೆಕೆ ಒಪ್ಪಿದರು. "ಯೂಪ್‌ಗೆ ಬೇಜಾರಾಗಬಾರದು ಅಂತ ಯಾರೂ ಹೇಳುತ್ತಿರಲಿಲ್ಲ."

ಪ್ರಾಮಾಣಿಕತೆಯ ಪಾಠ ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ. ಸಾಹೇಬರು ಆ ವಿಷಯ ಎತ್ತಲಿಲ್ಲ. ಮೆಲ್ಲಗೆ ವ್ಯಾಪಾರದ ಮಾತು ತೆಗೆದರು. ಅನ್ನೆಕೆ ರಿವಾಲ್ವರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತ, ಏನು ಕೇಳುತ್ತಿದ್ದಾನೆ ಇವನು ಎಂಬಂತೆ ನೋಡಿದರು.

"ಮಾರುವುದಾ? ಈಗ ಕೆಲಸ ಮಾಡುತ್ತದಲ್ಲ! ಈಗ್ಯಾಕೆ ಮಾರಲಿ?"

"ಅದು ನಮ್ಮ ಮನೆತನದ ವಸ್ತು," ಎಂದರು ಆರಿ. ನಮ್ಮ ಎನ್ನುವಾಗ ಅತ್ತಿಗೆಯ ಕಡೆ ಕೈ ತೋರಿಸಿದರು.

ಮನೆಗೆ ಬಂದು ಸಾಹೇಬರು ನಡೆದದ್ದನ್ನು ಹೇಳಿದಾಗ ನಫೀಸಾ ಮೊದಲು ನಕ್ಕರು, ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದರು. "ಹೋಗ್ಲಿ ಬಿಡ್ರಿ. ಅಂಗಡೀಲಿ ಸಿಗೋ ತೋಟಾ ಇರೋ ರಿವಾಲ್ವರ್ ಒಂದು ತಗೊಳ್ರಿ. ಪ್ರಪಂಚಕ್ಕೆಲ್ಲ ಒಂದಿದ್ರೆ ಅದು ವಸ್ತು ಅಲ್ಲ, ತಲೆನೋವು," ಎಂದು ಚಹಾ ಮಾಡಿ ಕೊಟ್ಟರು. ಈ ಸಲ ಮಾತು ದಖನಿಯಲ್ಲಿತ್ತು.

ಆಗಸ್ಟಿನಲ್ಲಿ ಅನ್ನೆಕೆಯ ಹುಟ್ಟುಹಬ್ಬಕ್ಕೆ ದಂಪತಿಗೆ ಕರೆ ಬಂತು. ಹಿತ್ತಲಿನಲ್ಲಿ ಕುರ್ಚಿಗಳನ್ನು ದೂರ ದೂರ ದುಂಡಗೆ ಹಾಕಿದ್ದರು. ಇಲ್ಲಿಯ ಪದ್ಧತಿಯಂತೆ ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಅವರ ಮೈದುನನಿಗೂ ನೆರೆಯವರಿಗೂ ನಾಯಿಗೂ ಅಭಿನಂದನೆ ಹೇಳಿ ಕೂತರು. ಒಂದು ಕಾಫಿ, ಒಂದು ತುಂಡು ಕೇಕು. ಆರಿ ಎಲ್ಲರಿಗೂ ಸಾಹೇಬರನ್ನು ತೋರಿಸಿ, "ಇವನೇ ನಮ್ಮಿಬ್ಬರಿಗೂ ಸುಳ್ಳು ಹೇಳಿದವನು," ಎಂದು ಅಭಿಮಾನದಿಂದ ಪರಿಚಯಿಸಿದರು. ಎಲ್ಲರೂ ಖೆಝೆಲಿಗ್ ಎಂದರು. ಅಂದರೆ ಬಹಳ ಹಿತವಾಗಿದೆ ಎಂದು. ಮಳೆ ಹನಿಯುತ್ತಿತ್ತು, ಯಾರೂ ಎದ್ದು ಒಳಗೆ ಹೋಗಲಿಲ್ಲ.

ಚಳಿಗಾಲಕ್ಕೆ ಮತ್ತೆ ಎಲ್ಲ ಮುಚ್ಚಿತು. ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಎಂದು ಸರ್ಕಾರ ಹೇಳಿತು. ಅನ್ನೆಕೆಯ ಆ ಒಬ್ಬ ಅತಿಥಿ ಯಾವಾಗಲೂ ಆರಿಯೇ. ಇಬ್ಬರೂ ಕೂಡಿ ತೋಟಾವನ್ನು ನೆಟ್ಟಗೆ ಹಾರುವಂತೆ ಮಾಡಲು ಕೂತಿದ್ದರು, ಅಂದರೆ ಜಗಳಕ್ಕೆ ಕೂತಿದ್ದರು. ಆರಿ ಹೋದ ತಕ್ಷಣ ಅನ್ನೆಕೆ ಸಾಹೇಬರಿಗೆ ಫೋನು ಮಾಡಿ ಆರಿಯನ್ನು ದೂರುವರು. ಮನೆ ತಲುಪಿದ ಆರಿ ಫೋನು ಮಾಡಿ ಅನ್ನೆಕೆಯನ್ನು ದೂರುವರು. ಈ ಫೋನುಗಳ ದಯೆಯಿಂದ ಸಾಹೇಬರ ಡಚ್ ಭಾಷೆ, ಮುಖ್ಯವಾಗಿ ಬೈಗುಳದ ವಿಭಾಗದಲ್ಲಿ, ದಿನದಿಂದ ದಿನಕ್ಕೆ ಸುಧಾರಿಸಿತು.

ಫೆಬ್ರುವರಿಯಲ್ಲಿ, ಕಾಲುವೆಗಳೆಲ್ಲ ಹೆಪ್ಪುಗಟ್ಟಿದ್ದ ವಾರ, ಅನ್ನೆಕೆ ಎಂದಿನಂತೆ ಫೋನು ಮಾಡಿ, ಆರಿ ಹಟಮಾರಿ, ತನ್ನ ಮಾತು ಕೇಳುವುದಿಲ್ಲ, ನೀನೇ ಹೇಳು ಯಾರದು ತಪ್ಪು ಎಂದರು. ಸಾಹೇಬರಿಗೆ ಎಣ್ಣೆ ಬಿಡುವ ಅಭ್ಯಾಸ ನಾಲಗೆಯ ತುದಿಗೆ ಬಂತು. ಆದರೆ ಅವರು ಕಲಿತ ಪಾಠ ಮರೆಯುವವರಲ್ಲ.

"ನಿಮ್ಮದೇ ತಪ್ಪು," ಎಂದರು ಸ್ಪಷ್ಟ ಡಚ್ಚಿನಲ್ಲಿ. "ಆರಿ ಹೇಳುವುದು ಸರಿ. ನಿಮಗೆ ತೋಟಾದ ವಿಷಯ ಏನೂ ಗೊತ್ತಿಲ್ಲ."



"ಪ್ರಾಮಾಣಿಕವಾಗಿ ಹೇಳಿದೆ, ಸಂತೋಷ," ಎಂದು ಅನ್ನೆಕೆ ಫೋನು ಇಟ್ಟರು. ಆಮೇಲೆ ಎರಡು ವಾರ ಅವರಿಂದ ಕರೆಯಿಲ್ಲ. ಅತ್ತಿಗೆಯನ್ನು ಹಾಗೆ ನೋಯಿಸಬಾರದಿತ್ತು ಎಂದು ಆರಿಯೂ ಸಾಹೇಬರೊಂದಿಗೆ ಮಾತು ಬಿಟ್ಟರು. ಮೂರನೆಯ ವಾರ ಸಾಹೇಬರು ಸಮೋಸಾದ ಡಬ್ಬಿ ಹಿಡಿದು ಅನ್ನೆಕೆಯ ಕಿಟಕಿಯ ಕೆಳಗೆ ಹೋಗಿ ನಿಂತರು. ಕಿಟಕಿ ತೆರೆಯಿತು. ಅಂದು ತಮ್ಮ ಡಚ್ ಸರಿಯಿರಲಿಲ್ಲ, ಹೇಳಬೇಕೆಂದಿದ್ದದ್ದು ಅದಕ್ಕೆ ತದ್ವಿರುದ್ಧ ಎಂದು ವಿವರಿಸಿದರು.

"ನನಗೆ ಆಗಲೇ ಅನುಮಾನ ಬಂದಿತ್ತು," ಎಂದು ಅನ್ನೆಕೆ ಕೈ ಚಾಚಿ ಡಬ್ಬಿ ತೆಗೆದುಕೊಂಡರು.